ಉಡಿ ಸೇರಿದ ಸ್ವಿಸ್ ಗಡಿಯಾರ

ತಮ್ಮಣ್ಣನ ಅರ್ಧ ದೇಹ ಟ್ರಂಕಿನೊಳಗಿತ್ತು. ಹೊರಗುಳಿದ ಎರಡು ಕಾಲುಗಳು ಬಾವಿಗೆ ಬಿದ್ದವನ ಕಾಲುಗಳಂತೆ ಒದ್ದಾಡುತ್ತಿದ್ದವು. ಒಳಗಿನಿಂದ ಸೀರೆ, ಲಂಗ, ಮದುವೆಯ ಶಾಲು, ನುಸಿಗುಳಿಗೆ ಎಲ್ಲ ಒಂದೊಂದಾಗಿ ಹಾರಿ ಬಂದು ನೆಲಕ್ಕೆ ಬೀಳುತ್ತಿದ್ದವು.

"ಕಾಂತಾ! ಹಸರು ಖಣ ಎಲ್ಲೈತಿ?"

ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು. "ಯಾವ ಹಸರು ಖಣ?"

"ಕೆಂಪು ದಂಡೀದು! ತಳಕ್ಕ ಇತ್ತಲ್ಲ, ಸುರುಳಿ ಸುತ್ತಿ ದಾರ ಕಟ್ಟಿದ್ದು!"

"ಓ, ಅದಾ? ನಿನ್ನಿ ಸಂಜೀಕ ರಾಧಾಬಾಯಿ ಕಾಕು ಬಂದಿದ್ರಲ್ಲ, ಅವರ ಉಡಿ ತುಂಬಿದೆ."

ಟ್ರಂಕಿನ ಮುಚ್ಚಳ ದಬ್ಬೆಂದು ತಮ್ಮಣ್ಣನ ಬೆನ್ನ ಮೇಲೆ ಬಿತ್ತು. ಅವನಿಗೆ ಅದು ತಿಳಿಯಲೇ ಇಲ್ಲ.

ಆ ಕುಪ್ಪಸದ ಖಣದ ಸುರುಳಿಯೊಳಗೆ ಒಂದು ಗಡಿಯಾರವಿತ್ತು. ಬರೀ ಗಡಿಯಾರವಲ್ಲ. ಮೋಟಾರು ರೇಸಿನವರು ಕಟ್ಟಿಕೊಳ್ಳಲೆಂದು ಸ್ವಿಟ್ಜರ್ಲೆಂಡಿನಲ್ಲಿ ಮಾಡಿದ್ದು. ಕಾಡಿಗೆಯಂಥ ಕಪ್ಪು ಮುಖ, ಆ ಮುಖದೊಳಗೆ ಬೆಳದಿಂಗಳ ಹನಿಯಂಥ ಮೂರು ಪುಟ್ಟ ಬಿಳಿ ಮುಖ, ಬಲಗಡೆ ಎರಡು ಗುಂಡಿ. ಕೀಲಿ ಕೊಡುವುದೇ ಬೇಡ, ಕಟ್ಟಿದವನ ಕೈ ಆಡಿದರೆ ಸಾಕು, ತಾನೇ ಓಡುತ್ತಿತ್ತು. ಲೋಂಡಾ ಸ್ಟೇಶನ್ನಿನಲ್ಲಿ ಗೋವೆಯ ಹಡಗಿನ ಕೆಲಸಗಾರನೊಬ್ಬನ ಮಣಿಕಟ್ಟಿನ ಮೇಲೆ ಅದನ್ನು ಕಂಡ ದಿನ ತಮ್ಮಣ್ಣ ತಾನು ಹತ್ತಬೇಕಾದ ರೈಲನ್ನು ಬಿಟ್ಟುಬಿಟ್ಟಿದ್ದ. ಅದಕ್ಕೆ ಬದಲಾಗಿ ಮಾವ ಕೊಟ್ಟಿದ್ದ ಹೊಸ ಸೈಕಲ್ಲನ್ನು ಅವನಿಗೆ ದಾಟಿಸಿ, ಸೈಕಲ್ಲು ಕಳುವಾಯಿತೆಂದು ಹೆಂಡತಿ ಕಾಂತಾಳ ಮುಂದೆ ಅಳು ಮೋರೆ ಮಾಡಿದ್ದ. ಹೀಗೆ, ಕಾರು ನಡೆಸಲು ಬಾರದ, ಈಗ ಸೈಕಲ್ಲೂ ಇಲ್ಲದ ಸಹಕಾರಿ ಕಚೇರಿಯ ಗುಮಾಸ್ತನೊಬ್ಬನ ಮನೆಗೆ ರೇಸಿನ ಗಡಿಯಾರ ಬಂದಿತ್ತು.

ಅದೊಂದೇ ಅಲ್ಲ. ಕೋಟೆ ಕೆರೆಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯದ ತಮ್ಮಣ್ಣನ ಬಳಿ ಸಮುದ್ರದ ತಳಕ್ಕೆ ಇಳಿಯುವವರ ಗಡಿಯಾರವಿತ್ತು. ಸಾಂಬ್ರಾ ನಿಲ್ದಾಣದ ವಿಮಾನವನ್ನು ಬೇಲಿಯಾಚೆ ನಿಂತಷ್ಟೇ ನೋಡಿದ್ದ ಅವನ ಬಳಿ ವಿಮಾನ ಹಾರಿಸುವವರ ಗಡಿಯಾರವಿತ್ತು. ಇನ್ನೂ ಕೆಲವು ಇದ್ದವು. ಮದುವೆಗೆ ಮುಂಚೆ ಎಲ್ಲವನ್ನೂ ಮಾರಿಬಿಟ್ಟೆನೆಂದು ಕಾಂತಾಳ ತಲೆ ಮುಟ್ಟಿ ಆಣೆ ಮಾಡಿದ್ದರಿಂದ, ಅವು ಅಟ್ಟದ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಭೂಗತವಾಗಿದ್ದವು. ಆಫೀಸಿಗೆ ಹೋಗುವಾಗ ಕೈಗೆ ಕಟ್ಟುತ್ತಿದ್ದದ್ದು ಮಾತ್ರ ಮಾವನೇ ಕೊಟ್ಟ ಎಚ್ಚೆಮ್ಟಿ. ಇಷ್ಟೆಲ್ಲ ಗಡಿಯಾರಗಳ ಒಡೆಯ ಒಂದು ದಿನವೂ ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಿದವನಲ್ಲ.

ಹೊಸ ಗಡಿಯಾರವನ್ನು ಡಬ್ಬಿಗೆ ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ. ಕೈಗೆ ಸಿಗುವಂತೆ ಹತ್ತಿರವೇ ಇರಲಿ ಎಂದು ಟ್ರಂಕಿನ ಖಣದೊಳಗೆ ಸುತ್ತಿಟ್ಟಿದ್ದ. ಆ ಗಿಳಿಹಸಿರು ಕಾಂತಾಳಿಗೆ ಹಿಡಿಸದು, ಅದರಿಂದ ಆಕೆ ಎಂದೂ ಕುಪ್ಪಸ ಹೊಲಿಸಲಾರಳು ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಿದ್ದು ಅಲ್ಲೇ. ಹೊಲಿಸಿಕೊಳ್ಳಲು ಇಷ್ಟವಿಲ್ಲದ ಖಣವನ್ನೇ ಅಲ್ಲವೇ ಹೆಂಗಸರು ಇನ್ನೊಬ್ಬರ ಉಡಿಗೆ ಹಾಕುವುದು! ಅಕ್ಕಿ, ಕಾಯಿ, ಅಡಿಕೆ, ಅರಿಶಿನದ ಬೇರಿನ ಜೊತೆ ಒಬ್ಬಳ ಸೆರಗಿಗೆ ಬಿದ್ದ ಖಣ ಮರುದಿನ ಮತ್ತೊಬ್ಬಳ ಸೆರಗಿಗೆ ಹಾರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಖಣದಷ್ಟು ಊರು ತಿರುಗಿದ ಪ್ರಾಣಿ ಬೇರೊಂದಿಲ್ಲ. ಅದೂ ಈಗ ನವರಾತ್ರಿ. ಈ ಹೊತ್ತಿನಲ್ಲಿ ಖಣಕ್ಕೆ ಕಾಲಲ್ಲ, ರೆಕ್ಕೆ ಇರುತ್ತದೆ.

"ನಾಷ್ಟಾ?" ಎಂದು ಕಾಂತಾ ಕೂಗುವಷ್ಟರಲ್ಲಿ ತಮ್ಮಣ್ಣ ಬೀದಿಯ ತುದಿ ಮುಟ್ಟಿದ್ದ.

ಸದಾಶಿವನಗರದಲ್ಲಿ ರಾಧಾಬಾಯಿಯ ಮನೆಯ ಬಾಗಿಲು ತೆರೆದವರು ಆಕೆಯ ಗಂಡ ಕೃಷ್ಣಾಜಿ. ತಮ್ಮಣ್ಣನ ಆಫೀಸಿನ ಹೆಡ್‌ಕ್ಲಾರ್ಕ್ ಅವರೇ. ಇದನ್ನು ತಮ್ಮಣ್ಣ ಓಡುವ ಭರದಲ್ಲಿ ಮರೆತುಬಿಟ್ಟಿದ್ದ.

"ತಮ್ಮಣ್ಣಾ? ಆಫೀಸಿಗೆ ಹೋಗ್ಲಿಲ್ಲೇನು?"

"ಹೊಟ್ಟಿ ಕೆಟ್ಟೈತ್ರಿ ಸಾಹೇಬ್ರ." ಹೇಳುತ್ತಲೇ ಹೊಟ್ಟೆ ಹಿಡಿದುಕೊಂಡ. ಆಮೇಲೆ ಸಾಹೇಬರ ಕೈಯಲ್ಲಿ ಬೀಸಣಿಗೆಯಂತೆ ಹರಡಿದ್ದ ಇಸ್ಪೀಟಿನ ಎಲೆಗಳು ಕಣ್ಣಿಗೆ ಬಿದ್ದವು. "ತಾವು?"

ಕೃಷ್ಣಾಜಿ ಎಲೆಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. "ನಂಗೂ ಹೊಟ್ಟೀನ. ಊರಾಗ ಸಾಥ್ ಬಂದದ, ಎಲ್ಲಾರಿಗೂ ಹತ್ತೇದ ಕಾಣ್ತದ."

"ಹೌದ್ರಿ. ಭಾರಿ ಸಾಥ್."

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಹೊಟ್ಟೆಯನ್ನೊಬ್ಬರು ಗೌರವದಿಂದ ನೋಡಿದರು. ಅಷ್ಟರಲ್ಲಿ ಒಳಗಿನಿಂದ ರಾಧಾಬಾಯಿ ಬಂದರು.

"ಖಣಾ? ಆ ಹಸರ್ದಾ? ಅದನ್ನ ನಿನ್ನಿ ರಾತ್ರೀನ ಗಂಗಾದೇವಿ ಉಡೀಗೆ ಹಾಕಿದ್ನೋ ಮಾರಾಯಾ. ಮದಲ ನಮ್ಮ ಬಾಜೂಮನ್ಯಾಗ ಇದ್ದಳಲ್ಲ, ಈಗ ಖಾನಾಪುರ ಸಾಲ್ಯಾಗ ಅಕ್ಕೋರು ಆಗ್ಯಾಳ, ಆಕಿ. ಮುಂಜಾನಿ ಮದಲನೇ ಬಸ್ಸಿಗೆ ಹೋದ್ಲು. ಯಾಕ, ಏನಾತು?"

ಗಡಿಯಾರ ಎಂದು ಉಸುರಿದರೆ ಮುಗಿಯಿತು. ರಾಧಾಬಾಯಿಯ ಕಿವಿಗೆ ಬಿದ್ದ ಮಾತು ಧಾರವಾಡ ಆಕಾಶವಾಣಿಗಿಂತ ಮೊದಲು ಊರು ಮುಟ್ಟುತ್ತಿತ್ತು. ಕಾಂತಾಳಿಗೆ ತಿಳಿದರೆ ಈ ಗಡಿಯಾರವೂ ಇಲ್ಲ, ಅಟ್ಟದ ಡಬ್ಬಿಯೂ ಇಲ್ಲ, ಬಹುಶಃ ತಾನೂ ಇಲ್ಲ.

"ಅದು… ಮಂತ್ರಿಸಿದ ಖಣ ರೀ ಕಾಕು. ಮಠದ ಅಜ್ಜಾರು ಕೊಟ್ಟದ್ದು."

"ಎದಕ್ಕ?"

ಹೊರಗೆ ಯಾವುದೋ ಕೂಸು ಅಳುತ್ತಿತ್ತು. "ಮಕ್ಕಳಾಗಾಕ," ಎಂದುಬಿಟ್ಟ ತಮ್ಮಣ್ಣ.

ರಾಧಾಬಾಯಿ ಗಾಬರಿಯಿಂದ ತಮ್ಮ ಸೆರಗನ್ನು ಝಾಡಿಸಿಕೊಂಡರು. "ಅಗಬಾಯಿ! ನಂಗ ಐದು ಮಕ್ಕಳು ಅದಾವಪ್ಪಾ! ಛಲೋ ಆತು, ರಾತ್ರಿ ಮನ್ಯಾಗ ಇಟ್ಕೊಳ್ಳಲಿಲ್ಲ!"

ಒಳಕೋಣೆಗೆ ಸರಿದಿದ್ದ ಕೃಷ್ಣಾಜಿಯವರ ಕೈಯಿಂದ ಎಲೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದ ಸದ್ದಾಯಿತು.

ಗಾಬರಿ ಇಳಿದ ಮೇಲೆ ರಾಧಾಬಾಯಿಯ ಮುಖದಲ್ಲಿ ಬೇರೆಯೇ ಬೆಳಕು ಏರಿತು. "ತಡೀ ತಡೀ. ನಮ್ಮ ಮಗಳು ಅಲಕಾನ ಲಗ್ನ ಆಗಿ ಮೂರು ವರ್ಷಾತು. ಇನ್ನೂ ಏನೂ ಸುದ್ದಿ ಇಲ್ಲ. ನಡೀ, ನಾನೂ ಬರ್ತೀನಿ ಖಾನಾಪುರಕ್ಕ."

"ನೀವ್ಯಾಕ್ರಿ ಕಾಕು, ಬಿಸಲಾಗ…"

"ಚಪ್ಪಲ್ ಹಾಕ್ಕೊಂಡೀನಿ, ನಡೀ."

ಕೆಂಪು ಬಸ್ಸಿನಲ್ಲಿ ತಮ್ಮಣ್ಣ ಕಿಟಕಿಯ ಪಕ್ಕ ಕುಳಿತು ತನ್ನ ಗಡಿಯಾರಕ್ಕಾಗಿ ಮನಸ್ಸಿನಲ್ಲೇ ಅಳುತ್ತಿದ್ದ. ರಾಧಾಬಾಯಿ ಹೆಂಗಸರ ಸೀಟಿನಲ್ಲಿ ಕುಳಿತು ಕೆಲಸಕ್ಕೆ ತೊಡಗಿದರು. ಪೀರನವಾಡಿ ದಾಟುವಾಗ ಮುಂದಿನ ಸೀಟಿನ ಹೆಂಗಸು ಹಿಂತಿರುಗಿ ಕುಳಿತಳು. ಮಚ್ಛೆಯಲ್ಲಿ ಹತ್ತಿದ ಮುದುಕಿಗೆ ಇಡೀ ಕತೆಯನ್ನು ಹೊಸದಾಗಿ ಹೇಳಲಾಯಿತು. ದೇಸೂರು ಬರುವಷ್ಟರಲ್ಲಿ ಆ ಖಣ ಗೋಕಾಕದಲ್ಲಿ ಒಬ್ಬಳಿಗೆ ಅವಳಿ ಜವಳಿ ಕೊಟ್ಟಿತ್ತು. ಖಾನಾಪುರ ಇನ್ನೂ ದೂರವಿರುವಾಗಲೇ ಕಂಡಕ್ಟರು ಟಿಕೆಟ್ಟಿನ ಚೀಲ ಹಿಂದಕ್ಕೆ ದೂಡಿ, ತಮ್ಮಣ್ಣನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಎಮ್ಮಿಗೂ ನಡೀತೈತೇನ್ರಿ ಅದು?"

ಖಾನಾಪುರದಲ್ಲಿ ಬಸ್ಸಿನಿಂದಿಳಿದಾಗ ತಮ್ಮಣ್ಣನ ಹಿಂದೆ ರಾಧಾಬಾಯಿಯಲ್ಲದೆ ಇನ್ನೂ ಮೂರ್ನಾಲ್ಕು ಹೆಂಗಸರಿದ್ದರು. ಯಾರೆಂದು ಅವನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಗಂಗಾದೇವಿ ಅಕ್ಕೋರು ಮನೆಯ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಖಣದ ಹೆಸರು ಎತ್ತುತ್ತಲೇ ಅವರ ಮುಖ ಹುಳ್ಳಗಾಯಿತು.

"ಅಯ್ಯ, ಅದನ್ನ ಬೀಡಿ ಊರಿನ ಬಸವಣ್ಣೆವ್ವನ ಉಡೀಗೆ ಹಾಕಿದೆನಲ್ಲ. ಪ್ಯಾಟಿಗಂತ ಬಂದಿದ್ರು, ಈಗ ಒಂದು ತಾಸಾತು ಹೋಗಿ."

"ಇಷ್ಟು ಲಗೂ?" ರಾಧಾಬಾಯಿ ಸಿಡಿದರು. "ನಾ ಕೊಟ್ಟ ಖಣಾ ನಿನ್ನ ಮನ್ಯಾಗ ಒಂದು ದಿನಾರೆ ಇರಬಾರದೇನು?"

"ಏನು ಮಾಡ್ಲ್ರಿ ಕಾಕು? ಬಸ್ಸಿನ್ಯಾಗ ತೊಡೀ ಮ್ಯಾಲ ಇಟ್ಕೊಂಡ್ರ ಒಳಗ ಟಿಕ್ ಟಿಕ್ ಅಂತಿತ್ತು. ಹುಳಾ ಹೊಕ್ಕೈತಿ ಅಂತ ಅಂಜಿ ಕೊಟ್ಟಬಿಟ್ಟೆ."

"ಹುಳಾ ಹೊಕ್ಕದ್ದನ್ನ ಬಸವಣ್ಣೆವ್ವಗ ಕೊಟ್ಟೇನವಾ! ಎಂಥಾ ಅಕ್ಕೋರು ನೀ!"

ತಮ್ಮಣ್ಣ ಮಾತ್ರ ಕಣ್ಣು ಮುಚ್ಚಿದ. ಟಿಕ್ ಟಿಕ್! ಬದುಕಿದೆ! ಬಸ್ಸಿನ ಕುಲುಕಾಟಕ್ಕೆ ತಾನೇ ಕೀಲಿ ತುಂಬಿಕೊಂಡು ಓಡುತ್ತಿದೆ! ತೊಟ್ಟಿಲಲ್ಲಿ ಬಿಟ್ಟು ಬಂದ ಕೂಸಿನ ಸುದ್ದಿ ಕೇಳಿದ ತಾಯಿಯಂತೆ ಅವನು ಬೀಡಿಯ ದಾರಿ ಹುಡುಕುತ್ತ ಬೀದಿಗೆ ಓಡಿದ.

ಬೀಡಿಗೆ ಹೊರಟಿದ್ದ ಗೊಬ್ಬರದ ಟ್ರಕ್ಕೊಂದು ಸಿಕ್ಕಿತು. ಹೆಂಗಸರು ಡ್ರೈವರನ ಪಕ್ಕ ಕುಳಿತರು. ತಮ್ಮಣ್ಣ ಗೊಬ್ಬರದ ಮೇಲೆ.

ಬಸವಣ್ಣೆವ್ವನ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಸಿದ್ದಪ್ಪ ಎಲೆ ಅಡಿಕೆ ಕುಟ್ಟುತ್ತಿದ್ದ. ಸುತ್ತ ಮೊಮ್ಮಕ್ಕಳು. ಒಬ್ಬ ಕಂಬ ಹತ್ತುತ್ತಿದ್ದ, ಇನ್ನೊಬ್ಬಳು ಕರುವಿನ ಬಾಲ ಹಿಡಿದಿದ್ದಳು, ಉಳಿದವರು ಜಗಳಾಡುತ್ತಿದ್ದರು, ಎಲ್ಲಕ್ಕಿಂತ ಚಿಕ್ಕದು ತೊಟ್ಟಿಲಲ್ಲಿ ಮಲಗಿತ್ತು. ತಮ್ಮಣ್ಣ ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಅಡುಗೆಮನೆಯ ಬಾಗಿಲಿನಲ್ಲಿ ನೆಟ್ಟು ಹೋಗಿತ್ತು.

ಅಲ್ಲಿ ಬಸವಣ್ಣೆವ್ವನ ಸೊಸೆ ಮಾಯಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಲಗೈಯಲ್ಲಿ, ಹಸಿರು ಬಳೆಗಳ ನಡುವೆ, ಜೋಳದ ಹಿಟ್ಟು ಮೆತ್ತಿಕೊಂಡು ಕುಳಿತಿತ್ತು ಅವನ ಸ್ವಿಸ್ ಗಡಿಯಾರ. ಗಾಜಿನ ಮೇಲೆ ಅಡ್ಡಡ್ಡಲಾಗಿ ಮೂರು ಗೆರೆ ವಿಭೂತಿ.

ಪಟ್! ಒಂದು ಬಡಿತ. ತಮ್ಮಣ್ಣನ ಎದೆ ಹಾರಿತು. ಪಟ್! ಪಟ್! ಗಡಿಯಾರದ ಹೊಟ್ಟೆಯೊಳಗಿನ ಕೂದಲಿನಂಥ ಸ್ಪ್ರಿಂಗುಗಳು, ಎಳ್ಳಿನಂಥ ಮಾಣಿಕ್ಯಗಳು ಅವನ ಕಣ್ಣ ಮುಂದೆ ಉದುರಿದವು. ಪಟ್!

"ಸಾವಕಾಶ ರೀ ಅಕ್ಕಾರ!" ಎಂದು ಚೀರಿದ.

ಮಾಯಕ್ಕ ತಿರುಗಿ ನೋಡಿದಳು. ರೊಟ್ಟಿಯನ್ನು ಹೆಂಚಿಗೆ ಹಾಕಿ, ಗಡಿಯಾರದ ಮೇಲಿನ ಗುಂಡಿ ಒತ್ತಿದಳು. ಉದ್ದನೆಯ ಮುಳ್ಳು ಓಡತೊಡಗಿತು. ರೊಟ್ಟಿ ಉಬ್ಬಿದಾಗ ಮತ್ತೆ ಒತ್ತಿದಳು. ಮುಳ್ಳು ನಿಂತಿತು. "ಭಾರಿ ಛಲೋ ಐತ್ರಿ," ಎಂದಳು. ಆ ಗುಂಡಿ ಸವೆದೀತೆಂದು ತಮ್ಮಣ್ಣ ಒಂದು ಸಲವೂ ಒತ್ತಿರಲಿಲ್ಲ.

"ಅಲ್ಲ, ಒಂದರಾಗ ಮೂರು ಸಣ್ಣ ಗಡಿಯಾರ ಯಾಕ್ ಇಟ್ಟಾರ?" ಸಿದ್ದಪ್ಪ ಕುಟ್ಟುವುದನ್ನು ನಿಲ್ಲಿಸಿ ಕೇಳಿದ. "ಒಂದು ಕೆಟ್ಟರ ಇನ್ನೊಂದು ಇರ್ಲಿ ಅಂತೇನು?"

ರಾಧಾಬಾಯಿಯ ಕಣ್ಣುಗಳು ಗಡಿಯಾರದಿಂದ ತಮ್ಮಣ್ಣನ ಕಡೆಗೆ ನಿಧಾನವಾಗಿ ತಿರುಗಿದವು. "ಏನೋ ತಮ್ಮಣ್ಣಾ, ಮಂತ್ರಿಸಿದ ಖಣದಾಗ ಗಡಿಯಾರ ಯಾಕ ಬಂತು?"

"ಅದೂ… ಮಂತ್ರಿಸಿದ್ದ ರೀ ಕಾಕು. ಮಕ್ಕಳಾಗೂ ಗಡಿಯಾರ."

"ಈ ಮೂರು?"

"ಒಂದು ತಿಂಗಳ ಲೆಕ್ಕಕ್ಕ ರೀ. ಇನ್ನೊಂದು ವಾರದ ಲೆಕ್ಕಕ್ಕ."

"ಮೂರನೇದು?"

ತಮ್ಮಣ್ಣ ಹಣೆಯ ಬೆವರು ಒರೆಸಿಕೊಂಡ. "ಅವಳಿ ಆದ್ರ ಇರ್ಲಿ ಅಂತ."

ಮಾಯಕ್ಕ ಒಮ್ಮೆ ಕಂಬದ ಕಡೆ, ಒಮ್ಮೆ ಕರುವಿನ ಕಡೆ, ಒಮ್ಮೆ ತೊಟ್ಟಿಲ ಕಡೆ ನೋಡಿದಳು. ಚೇಳು ಕಂಡವಳಂತೆ ಗಡಿಯಾರ ಬಿಚ್ಚಿ ಅತ್ತೆಯ ಕಡೆ ಚಾಚಿದಳು. "ಅತ್ತೀ, ಇದನ್ನ ಮದಲ ಈ ಮನ್ಯಾಗಿಂದ ಹೊರಗ ಹಾಕ್ರಿ! ನಿಮ್ಮ ಮಗ ಹೊಲದಿಂದ ಬರೂದ್ರಾಗ!"

ತಮ್ಮಣ್ಣ ಎರಡೂ ಕೈ ಮುಂದೆ ಚಾಚಿದ. ಬೆರಳ ತುದಿಗೆ ಉಕ್ಕಿನ ತಂಪು ಇನ್ನೇನು ತಗುಲಬೇಕು, ನಡುವೆ ಬಸವಣ್ಣೆವ್ವ ಬಂದು ನಿಂತಳು. ಗಟ್ಟಿ ಮುದುಕಿ. ಹಣೆಯ ತುಂಬ ವಿಭೂತಿ, ಮೂಗಿನ ತುಂಬ ನತ್ತು.

"ಕೈ ತಗೀ ತಮ್ಮಾ. ಗಂಡಸರ ಕೈಯಾಗ ಉಡಿ ಕೊಡೂ ಪದ್ಧತಿ ಎಲ್ಲೈತಿ? ಉಡೀಲೆ ಬಂದದ್ದು ಉಡೀಲೇ ಹೋಗಬೇಕು."

"ಯವ್ವಾ, ಖಣ ನೀವ ಇಟ್ಕೊರ್ರಿ. ಗಡಿಯಾರ ಅಷ್ಟ ಕೊಡ್ರಿ. ಕೈ ಮುಗೀತೀನಿ."

"ಬಂದ ಉಡೀನ ಒಡೀತಾರೇನು? ಹುಚ್ಚ ಅದೀ."

"ಹಂಗಾರ ನನ್ನ ಉಡೀಗೆ ಹಾಕ್ರಿ," ಎಂದು ರಾಧಾಬಾಯಿ ಸೆರಗು ಹಿಡಿದು ಮುಂದೆ ಬಂದರು. "ಅಲಕಾಗ ಮುಟ್ಟಸ್ತೀನಿ." ಬಸ್ಸಿನಿಂದ ಬೆನ್ನುಹತ್ತಿ ಬಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಸೆರಗು ಹಿಡಿದರು. ತಮ್ಮಣ್ಣನಿಗೆ ಅವು ಸೆರಗಿನಂತೆ ಕಾಣಲಿಲ್ಲ, ಬಾಯಿ ತೆರೆದ ಬಾವಿಗಳಂತೆ ಕಂಡವು. ಯಾವುದರೊಳಗೆ ಬಿದ್ದರೂ ಅವನ ಗಡಿಯಾರ ಮತ್ತೆ ಮೇಲೆ ಬರುವುದಿಲ್ಲ.

"ಯವ್ವಾ! ನನ್ನ ಹೇಂತೀಗೆ! ಅಜ್ಜಾರು ಕೊಟ್ಟದ್ದು ನನ್ನ ಹೇಂತೀಗೆ!" ಬಸವಣ್ಣೆವ್ವನ ಕಾಲಿಗೆ ಬಿದ್ದೇಬಿಟ್ಟ. "ಪಾಪ, ಆಕೀಗೆ ಗೊತ್ತಿಲ್ಲದ ತಪ್ಪಿ ಕೊಟ್ಟಾಳ ರೀ!"

ಬಸವಣ್ಣೆವ್ವ ಅವನ ಗೊಬ್ಬರ ಮೆತ್ತಿದ ಅಂಗಿ, ಕೆದರಿದ ತಲೆ, ತುಂಬಿದ ಕಣ್ಣು ನೋಡಿದಳು.

"ಮದುವ್ಯಾಗಿ ಎಷ್ಟು ದಿನಾತು?"

"ಎರಡು ವರ್ಷ ರೀ."

"ಮಕ್ಕಳು?"

"ಇಲ್ರಿ."

ಮುದುಕಿಯ ಕಣ್ಣುಗಳು ಒದ್ದೆಯಾದವು. ಹೆಂಗಸರೆಲ್ಲ ಸೆರಗು ಇಳಿಸಿದರು. ರಾಧಾಬಾಯಿ ಕೂಡ ಮೂಗು ಒರೆಸಿಕೊಂಡು, "ಹೂಂ, ಮದಲ ಕಾಂತಾಗ ಆಗ್ಲಿ," ಎಂದರು. "ಆಮ್ಯಾಲ ಅಲಕಾಗ."

"ಹೇಂತಿ ಸಲುವಾಗಿ ಗೊಬ್ಬರದ ಟ್ರಕ್ಕಿನ್ಯಾಗ ಕುಂತು ಬಂದ ಗಂಡಸನ್ನ ನಾ ಇವತ್ತ ನೋಡಿದೆ," ಎಂದಳು ಬಸವಣ್ಣೆವ್ವ. "ಏ ಮಾಯಕ್ಕಾ, ಅಕ್ಕಿ ಹಾಕು, ಕಾಯಿ ತಗೀ. ನಾನ ಬೆಳಗಾವಿಗೆ ಹೋಗಿ ನನ್ನ ಕೈಲೆ ಆಕೀ ಉಡಿ ತುಂಬಿ ಬರ್ತೀನಿ."

ಹಿಂತಿರುಗುವ ಬಸ್ಸಿನಲ್ಲಿ ತಮ್ಮಣ್ಣ ಹಾಡಬೇಕೆನ್ನುವಷ್ಟು ಹಿಗ್ಗಿದ್ದ. ಗಡಿಯಾರ ಮತ್ತೆ ಖಣದೊಳಗೆ, ಖಣ ಬಸವಣ್ಣೆವ್ವನ ಬುಟ್ಟಿಯಲ್ಲಿ, ಬುಟ್ಟಿ ಅವನ ಮುಂದಿನ ಸೀಟಿನಲ್ಲಿ. ಮುದುಕಿ ಖಣವನ್ನು ಮೊದಲಿದ್ದಂತೆಯೇ ಸುರುಳಿ ಸುತ್ತಿ ದಾರ ಕಟ್ಟಿದ್ದಳು. ಕಾಂತಾ ಉಡಿ ತುಂಬಿಸಿಕೊಳ್ಳುತ್ತಾಳೆ, ಬಂದವರು ಚಹಾ ಕುಡಿದು ಹೋಗುತ್ತಾರೆ, ಅವಳು ಖಣವನ್ನು ಹಾಗೇ ಟ್ರಂಕಿಗೆ ಎಸೆಯುತ್ತಾಳೆ. ಆಮೇಲೆ ಅಟ್ಟದ ಡಬ್ಬಿ, ಬೀಗ. ಬೆಳಗಿನಿಂದ ಅವನನ್ನು ನಾಯಿಯಂತೆ ಅಟ್ಟಾಡಿಸಿದ ಪದ್ಧತಿಯೇ ಈಗ ಅವನ ಪಕ್ಷಕ್ಕೆ ಬಂದಿತ್ತು. ಯಾಕೆಂದರೆ ಉಡಿ ಬೇಡವೆಂದ ಮುತ್ತೈದೆ ಈ ನಾಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಯ ಪಡಸಾಲೆ ತುಂಬಿತು. ರಾಧಾಬಾಯಿ ಓಣಿಯ ತುದಿಯಿಂದಲೇ ಸುದ್ದಿ ಬಿತ್ತುತ್ತ ಬಂದಿದ್ದರಿಂದ ಆಜೂಬಾಜೂ ಮನೆಯವರೆಲ್ಲ ಬಂದು ಸೇರಿದರು. ಕಾಂತಾಳನ್ನು ಮಣೆಯ ಮೇಲೆ ಕುಳ್ಳಿರಿಸಿದರು. ರಾಧಾಬಾಯಿ ಇಡೀ ಕತೆಯನ್ನು ಅಜ್ಜಾರಿಂದ ಹಿಡಿದು ಅವಳಿಯವರೆಗೆ ಹೇಳಿ ಮುಗಿಸುವ ತನಕ ಅವಳು ಗಂಡನ ಅಂಗಿಯ ಗೊಬ್ಬರವನ್ನೇ ನೋಡುತ್ತ ಕುಳಿತಿದ್ದಳು.

ಬಸವಣ್ಣೆವ್ವ ಅರಿಶಿನ ಕುಂಕುಮ ಹಚ್ಚಿ, ಮೊರದಲ್ಲಿ ಅಕ್ಕಿ, ಕಾಯಿ, ಅಡಿಕೆ, ಅದರ ಮೇಲೆ ಹಸಿರು ಖಣ ಇಟ್ಟು ಎತ್ತಿ ಹಿಡಿದಳು. "ಸೆರಗು ಹಿಡಿಯವಾ ನನ್ನ ಮಗಳ. ವರ್ಷ ತುಂಬೂದ್ರಾಗ ತೊಟ್ಟಿಲಾ ತೂಗಲಿ."

ಖಣದೊಳಗಿನಿಂದ ಟಿಕ್ ಟಿಕ್ ಸದ್ದು ಎಲ್ಲರಿಗೂ ಕೇಳಿಸಿತು. ತಮ್ಮಣ್ಣ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತ.

ಕಾಂತಾ ಸೆರಗನ್ನು ಎತ್ತಿ ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು.

"ಒಲ್ಲೆ."

ಯಾರೋ "ಅಯ್ಯೋ ಶಿವನ!" ಎಂದರು. ರಾಧಾಬಾಯಿ ಮೊದಲ ಬಾರಿಗೆ ಮಾತು ನಿಲ್ಲಿಸಿದರು. "ಉಡೀಗೆ ಒಲ್ಲೆ ಅಂತಾರೇನವಾ?" ಎಂದಳು ಬಸವಣ್ಣೆವ್ವ ಕುಗ್ಗಿದ ದನಿಯಲ್ಲಿ. "ಮಕ್ಕಳಾಗ್ತಾವಂತ ನಿನ್ನ ಗಂಡ ಎಲ್ಲಿ ತನಕಾ ಬಂದಿದ್ದ!"

"ಆಯಿ, ಮದುವ್ಯಾದಾಗಿಂದ ಇವರು, ನಿನ್ನಿ ಲಗೂ ನಿದ್ದಿ ಹತ್ತಿದ್ದು ಬಿಟ್ರ, ದಿನಾ ರಾತ್ರಿ ನಾ ಮಲಗೀನಿ ಅಂತ ತಿಳ್ಕೊಂಡು ಎದ್ದು, ಬ್ಯಾಟರಿ ಹಚ್ಚಿ, ಗಡಿಯಾರದ ಮಾರಿ ನೋಡ್ಕೋತ ಕುಂದರ್ತಾರ. ಮದಲ ಇದ್ದ ಗಡಿಯಾರದ ಮಾರೀನೆಲ್ಲಾ ಪಾಳೀಲೆ ನೋಡ್ತಿದ್ರು, ಈ ಹೊಸಾದು ಬಂದಾಗಿಂದ ಇದನ್ನಷ್ಟ ನೋಡ್ತಾರ, ನೋಡಿ ನೋಡಿ ಅಲ್ಲೇ ಮಲಗ್ತಾರ. ಇನ್ನ ಮಕ್ಕಳು ಎಲ್ಲಿಂದ ಬರಬೇಕ್ರಿ?"

ಎಲ್ಲಿಂದಲೋ ಒಂದು ನಗು ಪಿಸುಗುಟ್ಟಿತು, ಇನ್ನೊಂದು ಅದಕ್ಕೆ ತಗುಲಿತು, ನೋಡುತ್ತಿದ್ದಂತೆ ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ತಮ್ಮಣ್ಣನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ಹಂಗಾರ… ಹಂಗಾರ ನೀ ತಪ್ಪಿ ಕೊಟ್ಟಿಲ್ಲ?" ಎಂದ, ಬಾಗಿಲ ಮರೆಯಿಂದ ಹೊರಬಂದು.

"ತಪ್ಪಿ ಯಾಕ ಕೊಡ್ಲಿ? ನಾನ ಹುಡುಕಿ ಕೊಟ್ಟೀನಿ. ಉಡಿಯೊಳಗ ಹೋದದ್ದು ಹೊಳ್ಳಿ ಬರಂಗಿಲ್ಲ ಅಂತ ಕೊಟ್ಟೆ." ಅವಳು ಹಣೆಯ ಕುಂಕುಮ ಸರಿಮಾಡಿಕೊಂಡಳು. "ನವರಾತ್ರಿ ಸುರು ಆದಾಗಿಂದ ದಿನಕ್ಕೊಂದು ಕೊಟ್ಟೀನಿ. ನೀರಾಗ ಮುಳಗವ್ರದು ಧಾರವಾಡಕ್ಕ ಹೋತು. ವಿಮಾನದವ್ರದು ಗೋಕಾಕಕ್ಕೋ ಘಟಪ್ರಭಾಕ್ಕೋ, ಬರೋಬರಿ ನೆನಪಿಲ್ಲ. ಅಟ್ಟದ ಮ್ಯಾಲಿನ ಡಬ್ಬಿ ಖಾಲಿ ಆತು. ಇದೊಂದ ಉಳಿದಿತ್ತು."

ತಮ್ಮಣ್ಣ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತ. ಆಮೇಲೆ ಅಕ್ಕಿಯ ಮೊರವನ್ನು ನೋಡಿದ. ಒಂದು ಉಳಿದಿತ್ತು. ಒಂದಾದರೂ ಉಳಿದಿತ್ತು! ಮೊಣಕಾಲೂರಿ ತೆವಳುತ್ತ ಮಣೆಯ ಬಳಿ ಬಂದು, ಬಸವಣ್ಣೆವ್ವನ ಕೈಯ ಮೊರಕ್ಕೆ ತನ್ನ ಕೈಯನ್ನೂ ಕೊಟ್ಟು, ಅದನ್ನು ಹೆಂಡತಿಯ ಮುಂದೆ ಎತ್ತಿ ಹಿಡಿದ. ಅಕ್ಕಿಕಾಳು ಚಟಪಟ ಉದುರುತ್ತಿತ್ತು.

"ಕಾಂತಾ. ಇದೊಂದು. ಇದೊಂದ ತಗೋ ಮಾರಾಯ್ತಿ. ರಾತ್ರಿ ಬ್ಯಾಟರಿ ಹಚ್ಚಂಗಿಲ್ಲ. ನಿನ್ನ ಮಾರೀನ ನೋಡ್ತೀನಿ. ಆಣೀ ಮಾಡಿ ಹೇಳ್ತೀನಿ."

"ತಗೋವಾ, ಗಂಡ ಇಷ್ಟು ಅಂಗಲಾಚ್ತಾನ," ಎಂದರು ರಾಧಾಬಾಯಿ ಕಣ್ಣೊರೆಸಿಕೊಳ್ಳುತ್ತ.

"ಹಿಡಿಯವಾ ಸೆರಗು," ಎಂದಳು ಬಸವಣ್ಣೆವ್ವ.

ಕಾಂತಾ ಗಂಡನ ಮುಖವನ್ನು ದಿಟ್ಟಿಸಿದಳು. ಅವನು ಖಣವನ್ನೇ ನೋಡುತ್ತಿದ್ದ.

"ಒಲ್ಲೆ ಅಂದ್ರ ಒಲ್ಲೆ," ಎಂದಳು.